ಸೋರುವ ರೇಡಿಯೇಟರ್ ಮತ್ತು ದುರಸ್ತಿಯ ಹಕ್ಕು

ದೋಹಾದ ಬಿನ್ ಒಮ್ರಾನ್ ಹೊಸ ಕತಾರಿನ ಪ್ರಚಾರಚಿತ್ರಗಳಲ್ಲಿ ಕಾಣಿಸಿಕೊಳ್ಳುವ ಬಡಾವಣೆಯಲ್ಲ. ಗಾಜಿನ ಗೋಪುರಗಳು ಕಡಲಂಚಿನಲ್ಲಿವೆ. ಇಲ್ಲಿರುವುದು ಹಳೆಯ ಕಟ್ಟಡಗಳು, ಈಜಿಪ್ಟಿನವರ ಹೋಟೆಲುಗಳು, ಸಣ್ಣ ದಿನಸಿ ಅಂಗಡಿಗಳು, ಸಮೀಪದ ಹಮದ್ ಆಸ್ಪತ್ರೆಯಲ್ಲಿ ದುಡಿಯುವವರ ಬಾಡಿಗೆ ಮನೆಗಳು. ಕಟ್ಟಡಗಳ ನಡುವೆ ಒತ್ತೊತ್ತಾಗಿ ನಿಂತ ಕಾರುಗಳಲ್ಲಿ ಹತ್ತು ಹದಿನೈದು ವರ್ಷ ಓಡಿದವೂ ಇವೆ. ಊರಿಗೆ ಮರಳುವವರು ಮಾರಿ ಹೋದದ್ದನ್ನು ಹೊಸದಾಗಿ ಬಂದವರು ಕೊಳ್ಳುತ್ತಾರೆ. ಅವರು ಹೊರಟಾಗ ಮತ್ತೊಬ್ಬರು. ಗಲ್ಫಿನ ವಲಸೆ ಬದುಕಿನಲ್ಲಿ ಹಳೆಯ ಕಾರು ಒಂದು ರೀತಿಯ ಪಿತ್ರಾರ್ಜಿತ. ಅದರ ಜೊತೆಗೆ ಹಿಂದಿನವರು ಮಾಡದೆ ಬಿಟ್ಟ ದುರಸ್ತಿಗಳೂ ವರ್ಗಾವಣೆಯಾಗುತ್ತವೆ.

ಇಂಥ ಕಾರಿನ ಮುಂಭಾಗದ ಕೆಳಗೆ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಹಸಿರು ಬಣ್ಣದ ಒದ್ದೆ ಕಲೆ ಕಾಣಿಸುತ್ತದೆ. ರೇಡಿಯೇಟರ್ ಸೋರುತ್ತಿದೆ. ರಾತ್ರಿ ಪಾಳಿಯ ಕೆಲಸವಿದೆ, ಮಕ್ಕಳ ಶಾಲೆಯಿದೆ, ಇಸ್ತಿಮಾರಾ ನವೀಕರಣದ ದಿನವೂ ಹತ್ತಿರ ಬಂದಿದೆ. ಹಮದ್ ಆಸ್ಪತ್ರೆಗೆ ಮೆಟ್ರೋ ನಿಲ್ದಾಣವಿದೆಯಾದರೂ ಅದು ಇಡೀ ರಾತ್ರಿ ಓಡುವುದಿಲ್ಲ. ಆಗ ಎದುರಾಗುವ ಪ್ರಶ್ನೆ ಸರಳವೆಂದು ತೋರುತ್ತದೆ: ದುರಸ್ತಿ ಮಾಡಿಸಬೇಕೋ, ಹೊಸದನ್ನು ಹಾಕಿಸಬೇಕೋ? ಗ್ಯಾರೇಜಿನಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಹೊಸದು ಹಾಕಿಸಿಬಿಡಿ. ಬಹುಪಾಲು ಸಂದರ್ಭಗಳಲ್ಲಿ ಆ ಉತ್ತರ ಸರಿಯೇ. ಆದರೆ ಅದು ಸರಿಯಾದದ್ದು ಹೇಗೆ, ಯಾರ ತೀರ್ಮಾನದಿಂದ, ಯಾರ ಖರ್ಚಿನಲ್ಲಿ ಎಂಬುದನ್ನು ಕೇಳದೆ ಬಿಡುವುದು ಸರಿಯಲ್ಲ.

ಮೊದಲು ಕಲೆಯನ್ನೇ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ಹಗಲಿರುಳು ಏಸಿ ಓಡುವ ಊರಿನಲ್ಲಿ ಪ್ರತಿ ಕಾರಿನ ಕೆಳಗೂ ನೀರು ಹನಿಯುತ್ತದೆ. ಏಸಿಯ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜಿಗುಟಿಲ್ಲ. ಕೂಲಂಟ್ ಹಸಿರು, ಕೆಂಪು ಅಥವಾ ಗುಲಾಬಿ ಬಣ್ಣದ್ದು; ಬೆರಳಿಗೆ ಜಾರುತ್ತದೆ, ಸಿಹಿಯಾದ ವಾಸನೆ ಬೀರುತ್ತದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ದೇಹಕ್ಕೆ ವಿಷ. ದೋಹಾದ ಬೀದಿ ಬೆಕ್ಕುಗಳು ಅದನ್ನು ನೆಕ್ಕಿ ಸಾಯಬಲ್ಲವು. ಅಂಗಳದಲ್ಲಿ ಆಡುವ ಮಗುವಿಗೂ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ನೆಲಕ್ಕೆ ಬಿದ್ದದ್ದನ್ನು ಒರೆಸಿ ತೊಳೆಯುವುದು ದುರಸ್ತಿಯ ಮೊದಲ ಕೆಲಸ.

ಎರಡನೆಯದು, ಸೋರಿಕೆಯ ಜಾಗವನ್ನು ಹುಡುಕುವುದು. ‘ರೇಡಿಯೇಟರ್ ಹೋಗಿದೆ’ ಎಂಬ ತೀರ್ಪು ಎಷ್ಟೋ ಸಲ ಅವಸರದ್ದು. ರಬ್ಬರ್ ಪೈಪು ಬಿರಿದಿರಬಹುದು, ಅದನ್ನು ಬಿಗಿಹಿಡಿದ ಕ್ಲಾಂಪ್ ಸಡಿಲಗೊಂಡಿರಬಹುದು, ಮುಚ್ಚಳದ ವಾಷರ್ ಸವೆದಿರಬಹುದು, ವಾಟರ್ ಪಂಪ್ ಸೋರುತ್ತಿರಬಹುದು. ಇಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದರೆ ಕೆಲವೇ ನಿಮಿಷಗಳಲ್ಲಿ ಸತ್ಯ ತಿಳಿಯುತ್ತದೆ. ಕೆಲವೊಮ್ಮೆ ರೇಡಿಯೇಟರಿನ ಸೋರಿಕೆ ರೋಗವಲ್ಲ, ಲಕ್ಷಣ. ಹೆಡ್ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರಿನ ಅನಿಲ ಕೂಲಂಟಿನೊಳಕ್ಕೆ ನುಗ್ಗಿ ಒತ್ತಡ ಹೆಚ್ಚಿರುತ್ತದೆ. ಅಂಥಲ್ಲಿ ಹೊಸ ರೇಡಿಯೇಟರ್ ಹಾಕಿದರೆ ಅದೂ ಬೇಗನೆ ಸೋರುತ್ತದೆ. ಈ ಪರೀಕ್ಷೆಯನ್ನು ಮಾಡಿ ತೋರಿಸುವಂತೆ ಕೇಳುವುದು ಗಿರಾಕಿಯ ಹಕ್ಕು.

ಹೀಗಿದ್ದೂ ಹಲವರು ಸೋರಿಕೆಯನ್ನು ಮುಂದೂಡುತ್ತಾರೆ. ದಿನವೂ ಒಂದು ಬಾಟಲಿ ನೀರು ತುಂಬಿಸಿ ಓಡಿಸುತ್ತಾರೆ. ಊರಿನಲ್ಲಿ ಇದು ಸ್ವಲ್ಪ ದಿನ ನಡೆಯಬಹುದು, ದೋಹಾದ ಬೇಸಿಗೆಯಲ್ಲಿ ನಡೆಯುವುದಿಲ್ಲ. ಪೆಟ್ರೋಲಿನಲ್ಲಿರುವ ಶಕ್ತಿಯ ಸ್ಥೂಲವಾಗಿ ಮೂರನೇ ಒಂದು ಭಾಗ ಶಾಖವಾಗಿ ಕೂಲಂಟಿಗೆ ಸೇರುತ್ತದೆ. ಅದನ್ನು ಗಾಳಿಗೆ ಬಿಟ್ಟುಕೊಡುವುದೇ ರೇಡಿಯೇಟರಿನ ಕೆಲಸ. ಶಾಖ ಹರಿಯುವುದು ಉಷ್ಣತೆಯ ಅಂತರವನ್ನು ಅವಲಂಬಿಸಿ. ಕೂಲಂಟ್ 90 ಡಿಗ್ರಿ, ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 65. ಗಾಳಿಯೇ 48 ಡಿಗ್ರಿಗೆ ಏರಿದರೆ ಅಂತರ 42ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರಿನ ಸಾಮರ್ಥ್ಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಅದರ ಮುಂದೆಯೇ ನಿಂತ ಏಸಿಯ ಕಂಡೆನ್ಸರ್ ಗಾಳಿಯನ್ನು ಇನ್ನಷ್ಟು ಬಿಸಿಮಾಡುತ್ತದೆ. 2010ರ ಜುಲೈ 14ರಂದು ದೋಹಾ ವಿಮಾನ ನಿಲ್ದಾಣದಲ್ಲಿ 50.4 ಡಿಗ್ರಿ ದಾಖಲಾಗಿತ್ತು.

ನೀರು ಸುರಿದುಕೊಂಡು ಓಡಿಸುವುದರಲ್ಲಿ ಇನ್ನೂ ಎರಡು ತಪ್ಪುಗಳಿವೆ. ‘ಇಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಏಕೆ?’ ಎಂಬ ಮಾತು ಗಲ್ಫಿನಲ್ಲಿ ಸಾಮಾನ್ಯ. ಆದರೆ ಕೂಲಂಟ್ ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಯುವ ಬಿಂದುವನ್ನು ಏರಿಸುತ್ತದೆ, ಲೋಹ ತುಕ್ಕು ಹಿಡಿಯದಂತೆ ಕಾಯುತ್ತದೆ. ಬರೀ ನೀರು ಇವೆರಡನ್ನೂ ಮಾಡುವುದಿಲ್ಲ. ಮತ್ತೊಂದು ತಪ್ಪು ಮುಳ್ಳನ್ನು ನಂಬಿ ಕೂರುವುದು. ಕೂಲಂಟ್ ಪೂರ್ತಿ ಖಾಲಿಯಾದಾಗ ಉಷ್ಣತೆಯನ್ನು ಅಳೆಯುವ ಸೆನ್ಸರ್ ಗಾಳಿಯಲ್ಲಿ ಉಳಿದು, ಮುಳ್ಳು ಏರುವ ಬದಲು ಇಳಿಯಬಹುದು. ಚಾಲಕ ನಿಶ್ಚಿಂತೆಯಿಂದ ಓಡಿಸುತ್ತಿರುವಾಗಲೇ ಸಿಲಿಂಡರ್ ಹೆಡ್ ಬಾಗಿರುತ್ತದೆ. ಬಿಸಿ ಇಂಜಿನಿನ ಮುಚ್ಚಳ ತೆಗೆದು ಮುಖ ಕೈ ಸುಟ್ಟುಕೊಂಡವರ ಕಥೆಗಳು ಎಲ್ಲ ಊರುಗಳಲ್ಲೂ ಇವೆ. ಒತ್ತಡದಲ್ಲಿರುವ ದ್ರವ ಮುಚ್ಚಳ ಸಡಿಲಾದೊಡನೆ ಆವಿಯಾಗಿ ಚಿಮ್ಮುತ್ತದೆ. ಒದ್ದೆ ಬಟ್ಟೆ ಅದನ್ನು ತಡೆಯಲಾರದು.

ಕರ್ನಾಟಕದ ಲಾರಿ ಚಾಲಕರಿಗೆ ಒಂದು ಹಳೆಯ ಉಪಾಯ ಗೊತ್ತು: ರೇಡಿಯೇಟರಿಗೆ ಒಂದು ಹಿಡಿ ಅರಿಸಿನ ಪುಡಿ. ನೀರಿನೊಡನೆ ಸುತ್ತುವ ಪುಡಿ ಸಣ್ಣ ತೂತಿನ ಬಾಯಿಯಲ್ಲಿ ಉಬ್ಬಿ ಕೂತು ಸೋರಿಕೆಯನ್ನು ತಡೆಯುತ್ತದೆ. ಘಟ್ಟದ ನಡುವೆ, ರಾತ್ರಿಯಲ್ಲಿ, ಮುಂದಿನ ಊರು ತಲುಪಿಸುವ ಮಟ್ಟಿಗೆ ಅದು ಜಾಣತನವೇ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ದ್ರಾವಣಗಳು ಇದೇ ಉಪಾಯದ ಬಾಟಲಿಯ ರೂಪ. ಆದರೆ ತೂತು ಯಾವುದು, ತೆಳುವಾದ ನಾಳ ಯಾವುದು ಎಂಬ ವಿವೇಕ ಅರಿಸಿನಕ್ಕಿಲ್ಲ. ಇಂದಿನ ರೇಡಿಯೇಟರಿನ ಸಪೂರ ನಾಳಗಳಲ್ಲಿ ಅದು ಕಟ್ಟಿಕೊಂಡರೆ ಸೋರಿಕೆ ನಿಂತಂತೆ ಕಂಡರೂ ತಂಪಾಗುವುದು ನಿಲ್ಲುತ್ತದೆ.

ಹಾಗಾದರೆ ದುರಸ್ತಿಯೇ, ಬದಲಾವಣೆಯೇ? ಉತ್ತರ ರೇಡಿಯೇಟರ್ ಯಾವುದರಿಂದ ಮಾಡಿದ್ದು ಎಂಬುದರಲ್ಲಿದೆ. ಬಹುಕಾಲ ರೇಡಿಯೇಟರ್ ಎಂದರೆ ತಾಮ್ರ ಮತ್ತು ಹಿತ್ತಾಳೆ. ಹಿತ್ತಾಳೆಯ ನಾಳ, ತಾಮ್ರದ ರೆಕ್ಕೆ, ಹಿತ್ತಾಳೆಯ ತೊಟ್ಟಿ. ಎಲ್ಲವನ್ನೂ ಸೀಸ ಮತ್ತು ತವರದ ಬೆಸುಗೆ ಹಿಡಿದಿಡುತ್ತಿತ್ತು. ಸೋರಿದ ಜಾಗವನ್ನು ಬಿಸಿಮಾಡಿ ಮತ್ತೆ ಬೆಸೆಯಬಹುದಿತ್ತು. ತೊಟ್ಟಿಯನ್ನು ಬಿಚ್ಚಿ ನಾಳಗಳೊಳಗೆ ಸರಳು ಆಡಿಸಿ ಕೊಳೆ ತೆಗೆಯಬಹುದಿತ್ತು. ನಡುವಿನ ಭಾಗ ಪೂರ್ತಿ ಹಾಳಾದರೆ ಅದನ್ನಷ್ಟೇ ಬದಲಿಸಿ ತೊಟ್ಟಿಗಳನ್ನು ಉಳಿಸಿಕೊಳ್ಳಬಹುದಿತ್ತು. 1970ರ ದಶಕದಲ್ಲಿ ಯೂರೋಪಿನ ಕಾರುಗಳಲ್ಲಿ ಅಲ್ಯುಮಿನಿಯಂ ಬಂತು. ಮುಂದಿನ ಎರಡು ದಶಕಗಳಲ್ಲಿ ಜಗತ್ತಿನ ಬಹುತೇಕ ಹೊಸ ಕಾರುಗಳನ್ನು ಅದು ಆವರಿಸಿತು. ಈಗಿನದು ಅಲ್ಯುಮಿನಿಯಂ ಒಡಲು, ಗಾಜಿನ ನಾರು ಬೆರೆಸಿದ ನೈಲಾನ್ ತೊಟ್ಟಿ, ನಡುವೆ ರಬ್ಬರಿನ ಪಟ್ಟಿ, ಲೋಹದ ಅಂಚನ್ನು ಮಡಚಿ ಬಿಗಿದ ಕಟ್ಟು.

ಈ ಬದಲಾವಣೆಗೆ ನ್ಯಾಯವಾದ ಕಾರಣಗಳಿದ್ದವು. ಅಲ್ಯುಮಿನಿಯಂ ಹಗುರ, ಅಗ್ಗ. ಹಗುರವಾದ ಕಾರು ಕಡಿಮೆ ಇಂಧನ ಸುಡುತ್ತದೆ. ಆದರೆ ಇದರೊಂದಿಗೆ ದುರಸ್ತಿಯ ಸಾಧ್ಯತೆ ಮುಚ್ಚಿಹೋಯಿತು. ಅಲ್ಯುಮಿನಿಯಂ ಒಡಲನ್ನು ಕಾರ್ಖಾನೆಯಲ್ಲಿ ನೈಟ್ರೋಜನ್ ತುಂಬಿದ ಕುಲುಮೆಯೊಳಗೆ ಸುಮಾರು 600 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಬೆಸೆಯುತ್ತಾರೆ. ಬೀದಿಯ ಬೆಸುಗೆಗಾರನ ಕೈಗೆ ಅದು ಎಟುಕುವುದಿಲ್ಲ. ನೈಲಾನ್ ತೊಟ್ಟಿ ವರ್ಷಗಟ್ಟಲೆ ಬಿಸಿಯುಂಡು ಗಡುಸಾಗಿ ಬಿರಿಯುತ್ತದೆ. ಬಿರಿದ ಮೇಲೆ ಯಾವ ಅಂಟೂ ಒತ್ತಡಕ್ಕೆ ಬಹುಕಾಲ ತಾಳುವುದಿಲ್ಲ.

ಆದ್ದರಿಂದ ವ್ಯಾವಹಾರಿಕ ತೀರ್ಮಾನ ಹೀಗೆ. ಪೈಪು, ಕ್ಲಾಂಪ್, ಮುಚ್ಚಳ ಸೋರುತ್ತಿದ್ದರೆ ಅಷ್ಟನ್ನೇ ಬದಲಿಸುವುದು. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರ್ ಆಗಿದ್ದರೆ ದುರಸ್ತಿ. ಪ್ಲಾಸ್ಟಿಕ್ ತೊಟ್ಟಿ ಬಿರಿದಿದ್ದರೆ ಹೊಸದು. ಆಟೋಮ್ಯಾಟಿಕ್ ಗೇರಿನ ಕಾರುಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆಯನ್ನು ತಂಪುಮಾಡುವ ನಾಳ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಅದು ಒಳಗೊಳಗೇ ಸೋರಿದರೆ ನೆಲದ ಮೇಲೆ ಒಂದು ಹನಿಯೂ ಬೀಳದೆ ಎಣ್ಣೆಗೆ ಕೂಲಂಟ್ ಬೆರೆತು ಗೇರ್‌ಬಾಕ್ಸ್ ಹಾಳಾಗುತ್ತದೆ. ಎಣ್ಣೆ ಗುಲಾಬಿ ಹಾಲಿನಂತೆ ಕಂಡರೆ ಚರ್ಚೆಗೆ ಅವಕಾಶವಿಲ್ಲ. ಕಾರನ್ನು ಅಲ್ಲೇ ನಿಲ್ಲಿಸಿ ರೇಡಿಯೇಟರ್ ಬದಲಿಸಬೇಕು, ಎಣ್ಣೆಯನ್ನೂ ಪೂರ್ತಿ ತೆಗೆಸಬೇಕು. ಹೊಸದನ್ನು ಹಾಕುವಾಗ ಹಳೆಯ ಪೈಪು, ಥರ್ಮೋಸ್ಟ್ಯಾಟ್, ಮುಚ್ಚಳಗಳನ್ನೂ ನೋಡಬೇಕು. ಕಾರಿನ ಕೈಪಿಡಿ ಹೇಳಿದ ಕೂಲಂಟನ್ನೇ ತುಂಬಿ ಒಳಗಿನ ಗಾಳಿಯನ್ನು ಹೊರಹಾಕಬೇಕು.

ಇಷ್ಟು ಯಂತ್ರದ ಮಾತು. ಅದರ ಹಿಂದಿರುವುದು ಹಣದ ಮಾತು. ಅಗ್ಗದ ರೇಡಿಯೇಟರಿನ ಲಾಭ ಸಿಕ್ಕಿದ್ದು ತಯಾರಕನಿಗೆ ಮತ್ತು ಮೊದಲ ಮಾಲೀಕನಿಗೆ. ಅದು ಬಿರಿಯುವ ಹೊತ್ತಿಗೆ ಮೊದಲ ಮಾಲೀಕ ಬೇರೊಂದು ಕಾರಿನಲ್ಲಿರುತ್ತಾನೆ. ಖರ್ಚು ಬೀಳುವುದು ಮೂರನೆಯ ಅಥವಾ ನಾಲ್ಕನೆಯ ಮಾಲೀಕನ ಮೇಲೆ: ಬಿನ್ ಒಮ್ರಾನಿನ ನರ್ಸು, ಲ್ಯಾಬಿನ ತಂತ್ರಜ್ಞ, ಅಂಗಡಿಯ ಲೆಕ್ಕಿಗ. ತೊಟ್ಟಿಯನ್ನೋ ರಬ್ಬರ್ ಪಟ್ಟಿಯನ್ನೋ ಬಿಡಿಯಾಗಿ ಮಾರಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯಬಹುದಾದ ಕೆಲಸಕ್ಕೆ ಇಡೀ ಜೋಡಣೆಯನ್ನೇ ಕೊಳ್ಳಬೇಕಾಗುತ್ತದೆ. ಅಸಲಿ ಬಿಡಿಭಾಗ ದುಬಾರಿಯಾದಾಗ ಹೆಸರಿಲ್ಲದ ನಕಲಿಗೆ ಮೊರೆಹೋಗುತ್ತಾರೆ. ಅದು ಎರಡೇ ಬೇಸಿಗೆಗೆ ಬಿರಿದರೆ ಬಡವನು ಅದೇ ವಸ್ತುವಿಗೆ ಎರಡು ಸಲ ಬೆಲೆ ತೆತ್ತಂತೆ.

ಇದನ್ನು ‘ಪ್ರಗತಿ’ ಎಂದು ಒಪ್ಪಿಕೊಂಡು ಸುಮ್ಮನಿರಬೇಕಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನಗಳ ದುರಸ್ತಿಯ ಹಕ್ಕಿನ ಕಾನೂನಿಗೆ ಮತ ನೀಡಿದರು. ಸ್ವತಂತ್ರ ಗ್ಯಾರೇಜುಗಳಿಗೂ ತಯಾರಕರ ದುರಸ್ತಿ ಮಾಹಿತಿ ಸಿಗಬೇಕೆಂಬುದು ಅದರ ತಿರುಳು. ಐರೋಪ್ಯ ಒಕ್ಕೂಟ 2024ರಲ್ಲಿ ಗೃಹೋಪಯೋಗಿ ವಸ್ತುಗಳ ದುರಸ್ತಿಯನ್ನು ಪ್ರೋತ್ಸಾಹಿಸುವ ನಿರ್ದೇಶನವನ್ನು ಅಂಗೀಕರಿಸಿತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಈ ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣ ಶುರುವಾಯಿತು. ಆದರೆ ತಯಾರಕರು ಸ್ವಇಚ್ಛೆಯಿಂದ ಮಾಹಿತಿ ಕೊಡುವ ಜಾಲತಾಣ ಬೇರೆ, ಕೊಡಲೇಬೇಕೆನ್ನುವ ಕಾನೂನು ಬೇರೆ.

ಇದೇ ಅವಧಿಯಲ್ಲಿ ಭಾರತ ಸರ್ಕಾರ ವಿರುದ್ಧ ದಿಕ್ಕಿನಲ್ಲೂ ಹೆಜ್ಜೆ ಹಾಕಿತು. 2021ರ ಗುಜರಿ ನೀತಿಯ ಭಾಗವಾಗಿ, 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೊಗೆ ಕಾರುವ ವಾಹನ ರಸ್ತೆಯಿಂದ ಹೋಗಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ವಾಹನದ ಸ್ಥಿತಿಗಿಂತ ಅದರ ವಯಸ್ಸಿಗೇ ದಂಡ ಹಾಕುವುದು, ಚೆನ್ನಾಗಿ ದುರಸ್ತಿಯಾದ ಹಳೆಯ ಕಾರನ್ನೂ ಕೆಟ್ಟು ನಿಂತ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕತಾರಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ನವೀಕರಣಕ್ಕೆ ಮೊದಲು ವಾರ್ಷಿಕ ತಪಾಸಣೆ ಕಡ್ಡಾಯ. ತಪಾಸಣೆಯಲ್ಲಿ ತೇರ್ಗಡೆಯಾದರೆ ಹಳೆಯ ಕಾರೂ ಓಡಬಹುದು. ಪರೀಕ್ಷೆ ಪ್ರಾಮಾಣಿಕವಾಗಿದ್ದಲ್ಲಿ ಇದು ಹೆಚ್ಚು ಸಮಂಜಸವಾದ ಕ್ರಮ.

ಇಲ್ಲಿ ಪ್ರಗತಿಪರರು ಒಂದು ಹಳ್ಳಕ್ಕೆ ಬೀಳುವ ಸಂಭವವಿದೆ. ದುರಸ್ತಿಯ ಪರವಾದ ಮಾತು ಸುಲಭವಾಗಿ ಹಳೆಯ ಕಾಲದ ಹಂಬಲವಾಗುತ್ತದೆ. ಬೀದಿಗೆ ಬಂದು ತಿದಿಯೊತ್ತಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರನ್ನು ನೆನೆದು ನಿಟ್ಟುಸಿರಿಡುವ ಅನಿವಾಸಿಗಳು, ಆ ಕಲಾಯಿಗಾರ ಏನನ್ನು ಉಸಿರಾಡುತ್ತಿದ್ದ ಎಂದು ಕೇಳುವುದು ಅಪರೂಪ. ಬೆಸುಗೆ ಹಾಕುವ ರೇಡಿಯೇಟರ್ ಅಂಗಡಿಯ ಕಥೆ ಇನ್ನೂ ಕಠಿಣ. ಹಳೆಯ ಬೆಸುಗೆಯನ್ನು ಕರಗಿಸಿದಾಗ ಏಳುವ ಹೊಗೆಯಲ್ಲೂ ಉಜ್ಜಿದಾಗ ಹಾರುವ ಧೂಳಿನಲ್ಲೂ ಸೀಸವಿರುತ್ತದೆ. ರೇಡಿಯೇಟರ್ ದುರಸ್ತಿ ಕೆಲಸಗಾರರ ದೇಹಕ್ಕೆ ಮಿತಿಮೀರಿ ಸೇರುವ ಸೀಸದ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆ 1991ರಲ್ಲೇ ವರದಿ ಪ್ರಕಟಿಸಿತ್ತು. ಹೊಗೆಯನ್ನು ಅದು ಹುಟ್ಟುವಲ್ಲಿಯೇ ಹೀರಿ ಹೊರಹಾಕುವ ವ್ಯವಸ್ಥೆ ಇದಕ್ಕಿರುವ ಪರಿಹಾರ. ಅದು ದೊಡ್ಡ ತಂತ್ರಜ್ಞಾನವೇನೂ ಅಲ್ಲ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲಸಗಾರನ ಬಟ್ಟೆಗೆ ಅಂಟಿದ ಧೂಳು ಮನೆ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು.

ಈ ಅರಿವಿನಲ್ಲಿ ಬೆಂಗಳೂರಿಗೂ ಪಾಲಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ 1990ರ ದಶಕದ ಕೊನೆಯಲ್ಲಿ ಭಾರತೀಯ ನಗರಗಳ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆಯುವ ಕೆಲಸದಲ್ಲಿ ಪ್ರಮುಖರಾಗಿದ್ದರು. ಸೀಸವಿರುವ ಪೆಟ್ರೋಲ್ 2000ದಲ್ಲಿ ದೇಶಾದ್ಯಂತ ನಿಂತಿತು. ಆದರೆ ಪೆಟ್ರೋಲಿನಿಂದ ಹೊರಟುಹೋದ ಸೀಸ ಗ್ಯಾರೇಜಿನಿಂದ, ಬ್ಯಾಟರಿ ಒಡೆಯುವ ಶೆಡ್ಡುಗಳಿಂದ ಹೊರಟುಹೋಗಿಲ್ಲ. ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಸೀಸವಿಲ್ಲದೆ ಬೆಸೆಯುವ ವಿಧಾನವೂ ರೂಪುಗೊಂಡಿದೆ. ಭಾರಿ ವಾಹನಗಳಲ್ಲಿ ಅದು ಬಳಕೆಗೆ ಬಂದಿದೆ. ಅಂದರೆ ‘ಎಸೆಯುವ ಪ್ಲಾಸ್ಟಿಕ್ ಇಲ್ಲವೇ ಕೊಲ್ಲುವ ಸೀಸ’ ಎಂಬುದು ನಿಜವಾದ ಆಯ್ಕೆಯಲ್ಲ. ಮೂರನೆಯ ದಾರಿ ತಾಂತ್ರಿಕವಾಗಿ ಇದೆ, ಕಾರಿನ ಮಾರುಕಟ್ಟೆ ಅದನ್ನು ಆರಿಸಿಕೊಳ್ಳಲಿಲ್ಲ ಅಷ್ಟೆ.

ದೋಹಾದಲ್ಲಿ ಈ ಕೆಲಸ ನಡೆಯುವ ಮುಖ್ಯ ಜಾಗ ನಗರದ ನೈಋತ್ಯಕ್ಕಿರುವ ಇಂಡಸ್ಟ್ರಿಯಲ್ ಏರಿಯಾ, ವಲಸಿಗರ ಬಾಯಲ್ಲಿ ‘ಸನಯ್ಯಾ’. ಗ್ಯಾರೇಜುಗಳೂ ಕಾರ್ಮಿಕರ ವಸತಿಗಳೂ ಅಕ್ಕಪಕ್ಕದಲ್ಲೇ ಇರುವ ಪ್ರದೇಶ ಅದು. 2020ರ ಮಾರ್ಚಿನಲ್ಲಿ ಕೋವಿಡ್ ಹರಡಿದಾಗ ಅದರ 1ರಿಂದ 32ರವರೆಗಿನ ಬೀದಿಗಳನ್ನು ಮುಚ್ಚಲಾಯಿತು. ನಗರದ ಕಾರುಗಳನ್ನು ಓಡುವ ಸ್ಥಿತಿಯಲ್ಲಿಟ್ಟಿದ್ದ ಕೈಗಳು ವಾರಗಟ್ಟಲೆ ಅಲ್ಲೇ ಉಳಿದವು. ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಕತಾರಿನಲ್ಲಿ ಮೊದಲೇ ಇತ್ತು. 2021ರಲ್ಲಿ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ವಿಸ್ತರಿಸಲಾಯಿತು. ಆರ್ದ್ರತೆ ಮತ್ತು ಬಿಸಿಲನ್ನು ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ವೇಳೆ ಯಾವುದಿದ್ದರೂ ಕೆಲಸ ನಿಲ್ಲಬೇಕೆಂದೂ ಸೇರಿತು. ಅದೇ ವರ್ಷದ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲಿನ ಮೂಲ ಕನಿಷ್ಠ ವೇತನ ಜಾರಿಯಾಯಿತು. ಮಾಲೀಕ ಊಟ ವಸತಿ ಕೊಡದಿದ್ದರೆ ಅದಕ್ಕೆ 300 ಮತ್ತು 500 ರಿಯಾಲ್ ಪ್ರತ್ಯೇಕ. ಇವು ಸಣ್ಣ ಸುಧಾರಣೆಗಳಲ್ಲ. ಆದರೆ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಕಾರನ್ನು ನಿಲ್ಲಿಸಬೇಕೆಂದು ಎಲ್ಲ ಚಾಲಕರಿಗೂ ಎಂದಿನಿಂದಲೋ ಗೊತ್ತು. ಮನುಷ್ಯನ ದೇಹಕ್ಕೂ ಅಂಥದೊಂದು ಗೆರೆ ಕಾನೂನಿನಲ್ಲಿ ಬರಲು 2021ರವರೆಗೆ ಕಾಯಬೇಕಾಯಿತು. ತಗಡಿನ ಶೆಡ್ಡಿನೊಳಗೆ, ಬಿಸಿ ಇಂಜಿನಿನ ಮೇಲೆ ಬಾಗಿದವನ ಪಾಲಿಗೆ ಆ ಗೆರೆಯನ್ನು ನೋಡುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ.

ಹಾಗಾಗಿ ದುರಸ್ತಿಯ ಹಕ್ಕೆಂದರೆ ಕೊಳ್ಳುವವನ ಹಕ್ಕು ಮಾತ್ರವಲ್ಲ. ಅದರಲ್ಲಿ ಮೂರು ಬೇಡಿಕೆಗಳು ಒಟ್ಟಿಗೆ ಇರಬೇಕು. ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿ ವಾಹನದ ನಿಜವಾದ ಆಯುಷ್ಯದುದ್ದಕ್ಕೂ ಸಿಗಬೇಕು. ಬಿಚ್ಚಿ ಜೋಡಿಸಬಹುದಾದ ವಿನ್ಯಾಸವನ್ನು ಕಾನೂನು ಒತ್ತಾಯಿಸಬೇಕು. ದುರಸ್ತಿ ಮಾಡುವವನಿಗೆ ಶುದ್ಧ ಗಾಳಿ, ಸೀಸದ ತಪಾಸಣೆ, ಬಿಸಿಲಿನಿಂದ ರಕ್ಷಣೆ ದೊರೆಯಬೇಕು. ಮೂರನೆಯದಿಲ್ಲದೆ ಮೊದಲೆರಡನ್ನು ಕೇಳಿದರೆ, ಅಗ್ಗದ ದುರಸ್ತಿಯ ಬೆಲೆಯನ್ನು ಇನ್ನೊಬ್ಬ ವಲಸಿಗನ ಶ್ವಾಸಕೋಶದಿಂದ ತೆತ್ತಂತಾಗುತ್ತದೆ.

ಕತಾರಿನ ಕನ್ನಡಿಗರಿಗೆ ಸಂಘಟನೆಗಳಿಗೇನೂ ಕೊರತೆಯಿಲ್ಲ. ಕರ್ನಾಟಕ ಸಂಘವಿದೆ, ಕರಾವಳಿಯವರ ಕೂಟಗಳಿವೆ. ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಪಂದ್ಯಗಳನ್ನು ಅವು ಅಚ್ಚುಕಟ್ಟಾಗಿ ನಡೆಸುತ್ತವೆ. ಬೇಸಿಗೆಗೆ ಮುನ್ನ, ಏಪ್ರಿಲಿನ ಒಂದು ಶುಕ್ರವಾರ, ಹಳೆಯ ಕಾರುಗಳ ಕೂಲಿಂಗ್ ತಪಾಸಣೆಯ ಶಿಬಿರ ನಡೆಸುವುದು ಇವಕ್ಕೆ ಕಷ್ಟವಲ್ಲ. ಕೈಪಂಪು, ಟಾರ್ಚು, ಇಬ್ಬರು ಅನುಭವಿ ಮೆಕ್ಯಾನಿಕ್‌ಗಳು ಸಾಕು. ಅವರಿಗೆ ಆ ದಿನದ ಕೂಲಿ ಸಲ್ಲಬೇಕು. ಪರೀಕ್ಷಿಸಿ ತೋರಿಸಿ ಆಮೇಲೆ ಬೆಲೆ ಹೇಳುವ, ಹೊಗೆ ಹೊರಹೋಗುವ ವ್ಯವಸ್ಥೆಯಿರುವ ಗ್ಯಾರೇಜುಗಳ ಪಟ್ಟಿಯನ್ನು ಸದಸ್ಯರಲ್ಲಿ ಹಂಚಬಹುದು. ಊರಿನಲ್ಲಿ ಮತ ಹಾಕುವವರು, ಮತ ಕೇಳಲು ಬರುವವರನ್ನು ದುರಸ್ತಿಯ ಹಕ್ಕಿನ ಕಾನೂನು ಎಲ್ಲಿ ಎಂದು ಕೇಳಬಹುದು.

ಬಿನ್ ಒಮ್ರಾನಿನ ಆ ಕಾರಿಗೆ ಹೊಸ ರೇಡಿಯೇಟರ್ ಬೀಳುತ್ತದೆ. ಬೀಳಲೇಬೇಕು, ಆಗಸ್ಟಿನ ಬಿಸಿಲು ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ. ಬಿಚ್ಚಿ ತೆಗೆದ ಹಳೆಯದು ಗುಜರಿಗೆ ಹೋಗುತ್ತದೆ. ಅದರ ಅಲ್ಯುಮಿನಿಯಂ ಬಹುಪಾಲು ಸರಿಯಿದೆ. ಬಿರಿದದ್ದು ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಒಂದು ಗೇಣಿಗಿಂತ ಕಡಿಮೆ ಉದ್ದದ ಗೆರೆ. ಅದನ್ನು ಬಿಚ್ಚಿ ಬದಲಿಸಲಾಗದಂತೆ ಮಾಡಿದ್ದು ಒಂದು ತೀರ್ಮಾನ, ಮತ್ತು ಮನುಷ್ಯರು ಮಾಡಿದ ತೀರ್ಮಾನವನ್ನು ಮನುಷ್ಯರೇ ಬದಲಿಸಬಹುದು.